ಮಣಿಕಟ್ಟಿನ ಅಳತೆಯಿಂದ ಶುರು ಮಾಡಿ

ಪ್ರಶ್ನೆ: ನನಗೆ 23 ವರ್ಷ. ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ ಇದೆ. ಮೂರು ವರ್ಷದಿಂದ ಜಿಮ್‌ಗೆ ಹೋಗುತ್ತಿದ್ದೇನೆ. ಎತ್ತರ 5 ಅಡಿ 7 ಇಂಚು, ತೂಕ 66 ಕಿಲೋ. ಎದೆ 38 ಇಂಚು, ತೋಳು 13.5, ಸೊಂಟ 31, ಮೀನಖಂಡ 13, ಮಣಿಕಟ್ಟು 6.5. ಆರ್ನಾಲ್ಡ್ ಶ್ವಾರ್ಜನೆಗರ್ ಥರ ಒಂದೊಂದು ಭಾಗಕ್ಕೂ ಇಪ್ಪತ್ತು ಸೆಟ್ (ಸುತ್ತು) ಹೊಡಿ ಅಂತ ಒಬ್ಬರು, ಒಂದೇ ಸೆಟ್ ಸಾಕು ಅಂತ ಇನ್ನೊಬ್ಬರು. ಒಂದು ಕೋರ್ಸ್ (ಸ್ಟೀರಾಯ್ಡ್ ಸೂಜಿ, ಮಾತ್ರೆ) ಹಾಕದೆ ಏನೂ ಆಗಲ್ಲ ಅಂತ ಜಿಮ್ಮಿನ ಗೆಳೆಯರು. ಯಾರ ದೇಹವನ್ನು ಮಾದರಿಯಾಗಿ ಇಟ್ಟುಕೊಳ್ಳಲಿ? ಯಾವ ವಿಧಾನ ಹಿಡಿಯಲಿ? ಕೋರ್ಸ್ ಬೇಕೇ ಬೇಕಾ? ಎತ್ತರ ಕಡಿಮೆಯಾಯಿತಲ್ಲ ಎಂಬ ಬೇಸರವೂ ಇದೆ.

ಉತ್ತರ: ನೀವು ಮಣಿಕಟ್ಟಿನ ಅಳತೆಯನ್ನೂ ಬರೆದಿದ್ದೀರಲ್ಲ, ಅದನ್ನು ನೋಡಿ ಖುಷಿಯಾಯಿತು. ಎಷ್ಟೋ ವರ್ಷದಿಂದ ಹುಡುಗರು ನನ್ನ ಹತ್ತಿರ ಬರುತ್ತಾರೆ, ತೋಳು ಇಷ್ಟು ಎದೆ ಇಷ್ಟು ಅನ್ನುತ್ತಾರೆ. ಮಣಿಕಟ್ಟು ಅಳೆದುಕೊಂಡು ಬಂದವರು ಬೆರಳೆಣಿಕೆ. ನಿಮ್ಮ ಮೂರೂ ಪ್ರಶ್ನೆಗೆ ಉತ್ತರ ಅಲ್ಲಿಂದಲೇ ಶುರುವಾಗುತ್ತದೆ.

ಮಣಿಕಟ್ಟಿನಲ್ಲಿ ಮಾಂಸ ಇಲ್ಲವೆಂದೇ ಹೇಳಬೇಕು. ಎಲುಬು, ಅದರ ಮೇಲೆ ಹಗ್ಗದಂಥ ಸ್ನಾಯುರಜ್ಜು, ಚರ್ಮ, ಅಷ್ಟೇ. ಎಷ್ಟು ಕಬ್ಬಿಣ ಎತ್ತಿದರೂ ಅದು ದಪ್ಪವಾಗುವುದಿಲ್ಲ. 19ನೇ ವಯಸ್ಸಿನಲ್ಲಿ ನನ್ನ ಮಣಿಕಟ್ಟು ಆರೂಮುಕ್ಕಾಲು ಇಂಚು ಇತ್ತು. ಈಗ 63, ಮೊನ್ನೆ ಟೇಪ್ ಹಿಡಿದೆ, ಅಷ್ಟೇ ಇದೆ. ನಡುವೆ ತೋಳು ಬೆಳೆಯಿತು, ಇಳಿಯಿತು. ಎದೆಯೂ ಹಾಗೆಯೇ. ಹುಟ್ಟುವಾಗ ಪಡೆದು ಬಂದ ಅಸ್ಥಿಪಂಜರದ ಗಾತ್ರವನ್ನು ಮಣಿಕಟ್ಟೂ ಕಾಲಿನ ಗಿಣ್ಣೂ ಸುಳ್ಳು ಹೇಳದೆ ತೋರಿಸುತ್ತವೆ. ಆ ಪಂಜರದ ಮೇಲೆ ಎಷ್ಟು ಮಾಂಸ ಕೂತರೆ ಚೆಂದ, ಎಷ್ಟು ಕೂತರೆ ಉಳಿಯುತ್ತದೆ ಎಂಬುದೇ ನಿಜವಾದ ಪ್ರಶ್ನೆ.

ಜಾನ್ ಮೆಕಾಲಮ್ ಅಂತ 1960ರ ದಶಕದಲ್ಲಿ ವ್ಯಾಯಾಮದ ಬಗ್ಗೆ ಬರೆಯುತ್ತಿದ್ದವರೊಬ್ಬರು ಒಂದು ಲೆಕ್ಕ ಕೊಟ್ಟಿದ್ದರು. ಮಣಿಕಟ್ಟಿನ ಆರೂವರೆ ಪಟ್ಟು ಎದೆ. ಆ ಎದೆಯ ಅಳತೆಯಲ್ಲಿ ನೂರಕ್ಕೆ 70 ಭಾಗ ಸೊಂಟ, 53 ಭಾಗ ತೊಡೆ, 37 ಭಾಗ ಕುತ್ತಿಗೆ, 36 ಭಾಗ ತೋಳು, 34 ಭಾಗ ಮೀನಖಂಡ. ನಿಮ್ಮ ಆರೂವರೆ ಇಂಚಿನ ಮಣಿಕಟ್ಟಿಗೆ ಲೆಕ್ಕ ಹಾಕಿದೆ: ಎದೆ ಸುಮಾರು 42.25, ಸೊಂಟ 29.6, ತೊಡೆ 22.4, ಕುತ್ತಿಗೆ 15.6, ತೋಳು 15.2, ಮೀನಖಂಡ 14.4. ಈ ಕಾಗದವನ್ನು ಕನ್ನಡಿಯ ಪಕ್ಕ ಅಂಟಿಸಿಕೊಳ್ಳಿ. ನಿಮ್ಮ ಮಾದರಿ ಅದು, ನಿಮ್ಮ ಎಲುಬೇ ಕೊಟ್ಟದ್ದು.

ಇನ್ನೊಂದು ಲೆಕ್ಕ ಸ್ಟೀವ್ ರೀವ್ಸ್ ಅವರದು. ದೇಹದಾರ್ಢ್ಯದಲ್ಲಿ 1947ರ ಮಿಸ್ಟರ್ ಅಮೆರಿಕ, 1950ರ ಮಿಸ್ಟರ್ ಯೂನಿವರ್ಸ್. ತೋಳು ಮಣಿಕಟ್ಟಿನ ನೂರಕ್ಕೆ 252 ಭಾಗ ಇರಬೇಕು, ಮೀನಖಂಡ ಗಿಣ್ಣಿನ 192 ಭಾಗ ಇರಬೇಕು ಎಂದು ಅವರು ಬರೆದರು. ಹಾಗೆ ನೋಡಿದರೆ ನಿಮ್ಮ ತೋಳು 16.4 ಇಂಚು ಆಗಬೇಕು. ಎರಡು ಲೆಕ್ಕಕ್ಕೂ ಒಂದಿಂಚಿಗಿಂತ ಹೆಚ್ಚು ವ್ಯತ್ಯಾಸ. ಯಾವುದು ಸರಿ ಎಂದು ಕೇಳಿದರೆ, ರೀವ್ಸ್ ತನ್ನ ದೇಹವನ್ನೇ ಎದುರಿಗಿಟ್ಟುಕೊಂಡು ಬರೆದರು ಎಂದು ನನ್ನ ಅಭಿಪ್ರಾಯ. ಆರಡಿ ಒಂದಿಂಚು ಎತ್ತರ, ಅಗಲ ಭುಜ, ಕಿರಿದಾದ ಸೊಂಟ. ಕುತ್ತಿಗೆ, ತೋಳು, ಮೀನಖಂಡ ಮೂರೂ ಹದಿನೆಂಟೂವರೆ ಇಂಚು. ಅಂಥ ಚೌಕಟ್ಟು ಎಲ್ಲೋ ಒಬ್ಬರಿಗೆ ಸಿಗುತ್ತದೆ. ನೀವು ಮೊದಲು ಮೆಕಾಲಮ್ ಲೆಕ್ಕ ಮುಟ್ಟಿ. ಮುಟ್ಟಿದ ಮೇಲೂ ಹಸಿವು ಉಳಿದಿದ್ದರೆ ರೀವ್ಸ್ ಲೆಕ್ಕ ಓಡಿಹೋಗುವುದಿಲ್ಲ.

ಈಗ ಆ ಕಾಗದವನ್ನೂ ನಿಮ್ಮ ಪತ್ರವನ್ನೂ ಅಕ್ಕಪಕ್ಕ ಇಟ್ಟು ನೋಡಿ. ಎದೆಗೆ ನಾಲ್ಕಿಂಚು, ತೋಳಿಗೆ ಒಂದೂಮುಕ್ಕಾಲು ಇಂಚು, ಮೀನಖಂಡಕ್ಕೆ ಒಂದೂವರೆ ಇಂಚು ಬೇಕು, ಸೊಂಟ ಒಂದೂವರೆ ಇಂಚು ಇಳಿಯಬೇಕು. ತೊಡೆಯ ಅಳತೆ ನೀವು ಬರೆದೇ ಇಲ್ಲ. ಬರೆಯದ್ದು ಯಾಕೆ ಎಂದು ನನಗೆ ಗೊತ್ತು, ಏಕೆಂದರೆ ನಾನೂ ಬರೆಯುತ್ತಿರಲಿಲ್ಲ.

1981ರಲ್ಲಿ ನಮ್ಮ ಊರಿನ ಕಡೆ ಜಿಮ್ ಅನ್ನುವುದೇ ಇರಲಿಲ್ಲ. ಕೊಡಗಿನಲ್ಲಿ ಹುಡುಗನ ಕೈಗೆ ಮೊದಲು ಸಿಗುವುದು ಹಾಕಿ ಸ್ಟಿಕ್ಕು. ಆ ಆಟಕ್ಕೆ ಹೋಗದೆ ಮನೆಯ ಹಿಂದೆ ಭಾರ ಎತ್ತುತ್ತಿದ್ದವನು ನಾನೊಬ್ಬನೇ. ಎರಡು ಡಾಲ್ಡಾ ಡಬ್ಬಕ್ಕೆ ಸಿಮೆಂಟು ಜಲ್ಲಿ ಕಲಸಿ ತುಂಬಿ, ನಡುವೆ ನೀರಿನ ಪೈಪು ನಿಲ್ಲಿಸಿ ಒಣಗಿಸಿದೆ. ಅದೇ ನನ್ನ ಬಾರ್ಬೆಲ್. ಎರಡು ವರ್ಷ ಎತ್ತಿದೆ. ಬಲಗಡೆಯ ಭುಜ ಎಡಗಡೆಗಿಂತ ಉಬ್ಬಿ ನಿಂತಿತು, ಯಾಕೆಂದು ತಿಳಿಯಲಿಲ್ಲ. ಒಂದು ದಿನ ಕಣದಲ್ಲಿ ಚೆರ್ರಿ ಕಾಫಿ ಮೂಟೆ ತೂಗುತ್ತಿದ್ದಾಗ ಅಪ್ಪನಿಗೆ ಏನನ್ನಿಸಿತೋ, ಅದನ್ನು ತಾ ಇಲ್ಲಿ ಅಂದರು. ಪೈಪಿನ ಒಂದು ತುದಿಯನ್ನು ತಕ್ಕಡಿಯ ಮೇಲಿಟ್ಟು ಇನ್ನೊಂದನ್ನು ಕೈಯಲ್ಲಿ ಹಿಡಿದು ನೋಡಿದರು, ಆಮೇಲೆ ತಿರುಗಿಸಿ ನೋಡಿದರು. ಒಂದು ಡಬ್ಬಕ್ಕಿಂತ ಇನ್ನೊಂದು ಒಂದೂಕಾಲು ಕಿಲೋ ಭಾರ. ನಾನು ಎಂದೂ ಪೈಪನ್ನು ತಿರುಗಿಸಿ ಹಿಡಿದವನಲ್ಲ. ಭಾರದ ಡಬ್ಬ ಯಾವಾಗಲೂ ಬಲಕ್ಕೇ. ಆ ಓರೆಯನ್ನು ಸರಿಮಾಡಲು ಇನ್ನೊಂದೂವರೆ ವರ್ಷ ಹಿಡಿಯಿತು. ದೇಹ ಮರೆಯುವುದಿಲ್ಲ. ಕೊಟ್ಟದ್ದನ್ನು ಕೊಟ್ಟ ಕಡೆಯಲ್ಲೇ ಇಟ್ಟುಕೊಳ್ಳುತ್ತದೆ.

ಕಾಲಿನ ವಿಷಯದಲ್ಲೂ ಅದೇ ತಪ್ಪು ಮಾಡಿದೆ. 1985ರಲ್ಲಿ ಮೊದಲ ಸಲ ಮೈಸೂರಿಗೆ ಒಂದು ಸ್ಪರ್ಧೆಗೆ ಹೋದೆ. ಎದೆ, ತೋಳು, ಬೆನ್ನು ಎಲ್ಲ ಚೆನ್ನಾಗಿತ್ತು. ಹಿಂದಿನಿಂದ ಪೋಸ್ ಕೊಟ್ಟು ಹಿಮ್ಮಡಿ ಎತ್ತಿದಾಗ ಒಬ್ಬ ಹಿರಿಯ ತೀರ್ಪುಗಾರರು ಪೆನ್ನು ಕೆಳಗಿಟ್ಟದ್ದು ಕಣ್ಣಂಚಿನಲ್ಲಿ ಕಂಡಿತು. ಸ್ಪರ್ಧೆ ಮುಗಿದ ಮೇಲೆ ಕರೆದು ಹೇಳಿದರು, 'ನಿನ್ನ ದೇಹ ನೋಡುತ್ತಾ ಕಣ್ಣು ಮೇಲಿನಿಂದ ಕೆಳಗೆ ಸಲೀಸಾಗಿ ಬರುತ್ತೆ, ಮೊಣಕಾಲಿನ ಕೆಳಗೆ ತಡೆದು ನಿಲ್ಲುತ್ತೆ.' ಆರನೇ ಸ್ಥಾನ ಬಂತು. ಆದರ್ಶ ದೇಹ ಎಂದರೆ ಏನೆಂದು ಇಷ್ಟು ವರ್ಷದಲ್ಲಿ ಕೇಳಿದ ಉತ್ತರಗಳಲ್ಲಿ ಇದಕ್ಕಿಂತ ಒಳ್ಳೆಯದನ್ನು ನಾನು ಕೇಳಿಲ್ಲ. ಕಣ್ಣು ಎಲ್ಲೂ ತಡೆಯಬಾರದು.

ಆ ವರ್ಷ ಮೆಣಸು ಕೊಯ್ಲಿಗೆ ನಮ್ಮ ತೋಟಕ್ಕೆ ಬಂದವರನ್ನು ಮೊದಲ ಸಲ ಕಣ್ಣಿಟ್ಟು ನೋಡಿದೆ. ನೀವು ದಿನಾ ನೋಡುವ ದೃಶ್ಯವೇ. ಸಿಲ್ವರ್ ಓಕ್ ಮರಕ್ಕೆ ಒಂಟಿ ಬಿದಿರಿನ ಏಣಿ ಆನಿಸಿ, ಬಿದಿರಿನ ಗಿಣ್ಣಿನ ಹತ್ತಿರ ಬಿಟ್ಟಿರುವ ಮೋಟು ಕೊಂಬೆಯ ಮೇಲೆ ಕಾಲಿನ ಮುಂಭಾಗ ಮಾತ್ರ ಇಟ್ಟು ನಿಲ್ಲುತ್ತಾರೆ. ಹಿಮ್ಮಡಿ ಗಾಳಿಯಲ್ಲಿ ತೂಗುತ್ತಿರುತ್ತದೆ. ಗೊಂಚಲು ಕೈಗೆ ಎಟುಕದಿದ್ದರೆ ಹಿಮ್ಮಡಿ ಮೇಲೆ ಏಳುತ್ತದೆ, ಕಿತ್ತು ಚೀಲಕ್ಕೆ ಹಾಕುವಾಗ ನಿಧಾನ ಕೆಳಗಿಳಿಯುತ್ತದೆ, ಬಿದಿರಿನ ಮಟ್ಟಕ್ಕಿಂತಲೂ ಕೆಳಗೆ. ಅರವತ್ತು ದಾಟಿದ ಒಬ್ಬ ಹಿರಿಯರ ಕಾಲು ನೋಡುತ್ತಾ ನಿಂತೆ. ದೇಹದಲ್ಲಿ ಬೇರೆಲ್ಲೂ ಮಾಂಸ ಇಲ್ಲ. ಮೀನಖಂಡ ಮಾತ್ರ ಎರಡು ಸೀಳಾಗಿ, ಕಡೆದಿಟ್ಟ ಹಾಗೆ. ಪೂರ್ತಿ ಕೆಳಗೆ, ಪೂರ್ತಿ ಮೇಲೆ, ಅವಸರವಿಲ್ಲದೆ, ದಿನಕ್ಕೆ ನೂರಾರು ಸಲ. ಜಿಮ್ಮಿನಲ್ಲಿ ನಾವು ಮಾಡುವುದೇನು? ಭಾರ ಜಾಸ್ತಿ ಹಾಕಿ ಎರಡಿಂಚು ಕುಪ್ಪಳಿಸುತ್ತೇವೆ. ಮರುದಿನವೇ ಮನೆಯ ಮೆಟ್ಟಿಲ ಅಂಚಿನಲ್ಲಿ ಶುರು ಮಾಡಿದೆ. ಹಿಮ್ಮಡಿ ಪೂರ್ತಿ ಕೆಳಗಿಳಿಸಿ ಎರಡು ಸೆಕೆಂಡು ತಡೆ, ಮೇಲೆ ಹೋಗಿ ಒಂದು ಸೆಕೆಂಡು ಹಿಂಡು. ಎರಡು ವರ್ಷದಲ್ಲಿ ಒಂದೂಕಾಲು ಇಂಚು ಬಂತು. ಆರ್ನಾಲ್ಡ್ ಕೂಡ ಮೀನಖಂಡದಲ್ಲಿ ಹಿಂದಿದ್ದವರೇ. ಬಲಹೀನ ಭಾಗ ಎಲ್ಲರ ಕಣ್ಣಿಗೂ ಬೀಳಲಿ, ತನಗೆ ನಾಚಿಕೆಯಾಗಲಿ ಎಂದು ವ್ಯಾಯಾಮದ ಪ್ಯಾಂಟನ್ನು ಮೊಣಕಾಲಿಗೆ ಕತ್ತರಿಸಿಕೊಂಡರಂತೆ. ನೀವು ಪೂರ್ತಿ ಪ್ಯಾಂಟು ಹಾಕಿ ವ್ಯಾಯಾಮ ಮಾಡುತ್ತಿದ್ದರೆ ನಾಳೆಯಿಂದ ಚಡ್ಡಿ ಹಾಕಿಕೊಳ್ಳಿ.

ಇನ್ನು ಚಾಂಪಿಯನ್ನರ ಮಾತು. ದೇಹದಾರ್ಢ್ಯದ ಮೊದಲ ದೊಡ್ಡ ಸ್ಪರ್ಧೆ ನಡೆದದ್ದು 1901ರ ಸೆಪ್ಟೆಂಬರ್ 14ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ನಡೆಸಿದವರು ಯೂಜೀನ್ ಸ್ಯಾಂಡೊ. ತೀರ್ಪುಗಾರರಾಗಿ ಅವರ ಜೊತೆ ಒಬ್ಬ ಶಿಲ್ಪಿ ಮತ್ತು ಆರ್ಥರ್ ಕಾನನ್ ಡಾಯ್ಲ್ ಕೂತಿದ್ದರು. ಯಾರ ಸ್ನಾಯು ಎಲ್ಲರಿಗಿಂತ ದೊಡ್ಡದು ಎಂದು ಅಲ್ಲಿ ನೋಡಲಿಲ್ಲ. ಒಟ್ಟು ಬೆಳವಣಿಗೆ, ಭಾಗಭಾಗಗಳ ಸಮತೋಲ, ಸ್ನಾಯುವಿನ ಬಿಗಿ, ಆರೋಗ್ಯ, ಚರ್ಮದ ಸ್ಥಿತಿ, ಇವಕ್ಕೆ ಅಂಕ ಕೊಟ್ಟರು. ಆರೋಗ್ಯಕ್ಕೆ ಅಂಕ! ಇವತ್ತು ನಾನು ಕಂಡ ಯಾವ ವೇದಿಕೆಯಲ್ಲೂ ಆರೋಗ್ಯಕ್ಕೆ ಅಂತ ಕಾಲಂ ಇಲ್ಲ. ಇದ್ದಿದ್ದರೆ ನಮ್ಮ ಕ್ರೀಡೆಯ ಚರಿತ್ರೆಯೇ ಬೇರೆ ಆಗುತ್ತಿತ್ತು ಎಂದು ನನಗೆ ತುಂಬಾ ಸಲ ಅನ್ನಿಸಿದೆ. ಇಂದಿಗೂ ದೇಹದಾರ್ಢ್ಯದ ಅತಿ ದೊಡ್ಡ ಸ್ಪರ್ಧೆಯಾದ ಮಿಸ್ಟರ್ ಒಲಿಂಪಿಯಾ ಗೆದ್ದವರ ಕೈಗೆ ಕೊಡುವುದು ಸ್ಯಾಂಡೊ ಅವರ ಪ್ರತಿಮೆಯನ್ನೇ. ಅವರು ಇಟ್ಟ ಅಳತೆಗೋಲನ್ನು ಮಾತ್ರ ಎಲ್ಲೋ ಬಿಟ್ಟುಬಿಟ್ಟೆವು.

ಇದೇ ಸ್ಯಾಂಡೊ 1904–05ರಲ್ಲಿ ಭಾರತಕ್ಕೂ ಬಂದು ಪ್ರದರ್ಶನ ಕೊಟ್ಟು ಹೋದರು. ನಮ್ಮಲ್ಲಿ ಗರಡಿ, ಮಟ್ಟಿ, ದಂಡ, ಬಸ್ಕಿ ಅದಕ್ಕೂ ಎಷ್ಟೋ ಮೊದಲಿನಿಂದ ಇದ್ದವು. ಎರಡನ್ನೂ ಕೂಡಿಸಿದವರು ಬೆಂಗಳೂರಿನ ಕೆ. ವಿ. ಅಯ್ಯರ್. ಕನ್ನಡ ಓದುಗರಿಗೆ ಅವರು 'ಶಾಂತಲಾ', 'ರೂಪದರ್ಶಿ' ಬರೆದ ಕಾದಂಬರಿಕಾರರು. ನಮಗೆ ಅವರು ಹರ್ಕ್ಯುಲಿಸ್ ವ್ಯಾಯಾಮಶಾಲೆಯ ಗುರುಗಳು. ಬಾರ್ಬೆಲ್ಲನ್ನೂ ಸೂರ್ಯನಮಸ್ಕಾರವನ್ನೂ ಒಂದೇ ಮನೆಯಲ್ಲಿ ಕಲಿಸಿದರು, ದೂರದವರಿಗೆ ಅಂಚೆಯಲ್ಲಿ ಪಾಠ ಕಳಿಸಿದರು. ಅವರ ಹಳೆಯ ಫೋಟೊ ಸಿಕ್ಕರೆ ಹೊಟ್ಟೆಯ ಭಾಗ ನೋಡಿ. ಒಂದು ಸ್ನಾಯುವೂ ಉಬ್ಬಿಲ್ಲ, ಎಲ್ಲವೂ ಎದ್ದು ಕಾಣುತ್ತದೆ. ಕನ್ನಡ ನಾಡಿನಲ್ಲಿ ಮಾದರಿ ಬೇಕೆಂದರೆ ನಾನು ಮೊದಲು ಅವರನ್ನು ತೋರಿಸುತ್ತೇನೆ.

ನಿಮ್ಮ ಎತ್ತರದ ಬಗ್ಗೆ ಪತ್ರದ ಕೊನೆಯಲ್ಲಿ ಬೇಸರಪಟ್ಟಿದ್ದೀರಿ. ನಮ್ಮ ದೇಶದ ದೇಹದಾರ್ಢ್ಯಪಟು ಮನೋಹರ್ ಐಚ್ ಅವರ ಎತ್ತರ 4 ಅಡಿ 11 ಇಂಚು. ಬ್ರಿಟಿಷರ ಕಾಲದಲ್ಲಿ ವಾಯುಪಡೆಯಲ್ಲಿದ್ದವರು, ಒಬ್ಬ ಅಧಿಕಾರಿಯ ಮೇಲೆ ಕೈ ಮಾಡಿ ಜೈಲಿಗೆ ಹೋದರು. ಅಲ್ಲಿ ಯಾವ ಸಲಕರಣೆಯೂ ಇಲ್ಲದೆ ಗಂಟೆಗಟ್ಟಲೆ ವ್ಯಾಯಾಮ ಮಾಡಿದರು. 1951ರಲ್ಲಿ ಲಂಡನ್ನಿಗೆ ಹೋಗಿ ಮಿಸ್ಟರ್ ಯೂನಿವರ್ಸ್‌ನ ತಮ್ಮ ವಿಭಾಗದಲ್ಲಿ ಎರಡನೆಯವರಾದರು. ಊರಿಗೆ ಬರಲಿಲ್ಲ, ಅಲ್ಲೇ ಕೆಲಸ ಹಿಡಿದು ಉಳಿದರು, 1952ರಲ್ಲಿ ಗೆದ್ದರು. ಅದೇ 1951ರಲ್ಲಿ ಮನತೋಷ್ ರಾಯ್ ತಮ್ಮ ವಿಭಾಗದಲ್ಲಿ ಗೆದ್ದಿದ್ದರು. ಐಚ್ ನೂರು ದಾಟಿ ಬದುಕಿ 2016ರಲ್ಲಿ ತೀರಿಕೊಂಡರು. ನನ್ನ ಕಾಲದವರಿಗೆ ಪ್ರೇಮ್‌ಚಂದ್ ಡೇಗ್ರಾ ದೊಡ್ಡ ಹೆಸರು. 1988ರಲ್ಲಿ ಆಸ್ಟ್ರೇಲಿಯದಲ್ಲಿ 80 ಕಿಲೋ ವಿಭಾಗದ ವಿಶ್ವ ಪ್ರಶಸ್ತಿ ಗೆದ್ದರು, ಎರಡು ವರ್ಷಕ್ಕೆ ಪದ್ಮಶ್ರೀ ಬಂತು. ಆ ಸುದ್ದಿ ಓದಿದ ಸಂಜೆ ನಾನು ಮಳೆಯಲ್ಲೇ ಮಡಿಕೇರಿಯಿಂದ ಮನೆವರೆಗೆ ನಡೆದು ಬಂದೆ, ಬಸ್ಸಿಗೆ ಕಾಯುವ ತಾಳ್ಮೆ ಇರಲಿಲ್ಲ.

ಹೊರಗಿನವರಲ್ಲಿ ನನ್ನ ಮನಸ್ಸಿಗೆ ಹತ್ತಿರವಾದವರು ಫ್ರಾಂಕ್ ಜೇನ್. 1977, 78, 79 ಮೂರು ವರ್ಷ ಮಿಸ್ಟರ್ ಒಲಿಂಪಿಯಾ. ಎತ್ತರ 5 ಅಡಿ 9 ಇಂಚು, ವೇದಿಕೆಯ ಮೇಲೆ ತೂಕ 84 ಕಿಲೋ ಆಸುಪಾಸು. 1968ರಲ್ಲಿ ಮಯಾಮಿಯಲ್ಲಿ ತನಗಿಂತ ಎಷ್ಟೋ ದೊಡ್ಡವರಾಗಿದ್ದ ಆರ್ನಾಲ್ಡ್‌ರನ್ನು ಸೋಲಿಸಿದವರು. ಉಸಿರು ಪೂರ್ತಿ ಬಿಟ್ಟು ಹೊಟ್ಟೆಯನ್ನು ಪಕ್ಕೆಲುಬಿನ ಒಳಗೆ ಎಳೆದುಕೊಂಡು, ಕೈಗಳನ್ನು ತಲೆಯ ಹಿಂದೆ ಇಟ್ಟು ನಿಲ್ಲುವ ಅವರ ಪೋಸ್ ನೋಡಿ. ಅದನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ನೀವೂ ಅಭ್ಯಾಸ ಮಾಡಿ, 15 ಸೆಕೆಂಡಿನ ಹಾಗೆ ಐದು ಸಲ. ನಿಮ್ಮ ಸೊಂಟದಿಂದ ಹೋಗಬೇಕಾದ ಒಂದೂವರೆ ಇಂಚಿನಲ್ಲಿ ಸ್ವಲ್ಪ ಇದರಿಂದಲೇ ಹೋಗುತ್ತದೆ, ಏಕೆಂದರೆ ಅದು ಕೊಬ್ಬಿಗಿಂತ ಹೆಚ್ಚಾಗಿ ಸಡಿಲ ಬಿಟ್ಟ ಹೊಟ್ಟೆ ಎಂದು ನನ್ನ ಊಹೆ.

1984ರಿಂದ 91ರವರೆಗೆ ಎಂಟು ಸಲ ಒಲಿಂಪಿಯಾ ಗೆದ್ದ ಲೀ ಹೇನಿ ಬಗ್ಗೆಯೂ ನನಗೆ ಅಷ್ಟೇ ಗೌರವ. ಸ್ನಾಯುವನ್ನು ಎಬ್ಬಿಸಿ, ಹಾಳುಗೆಡವಬೇಡಿ ಎನ್ನುವುದು ಅವರ ಪಾಠ. ಅವರ ಮುಂದಿನವರ ಕಾಲದಲ್ಲಿ ಗಾತ್ರ ಒಂದೇ ಸಮನೆ ಏರಿತು. ಡೋರಿಯನ್ ಯೇಟ್ಸ್ ಆರು ಸಲ ಗೆದ್ದರು, ಆದರೆ 1994ರಲ್ಲಿ ತೋಳಿನ ಮುಂದಿನ ಸ್ನಾಯು ಬೈಸೆಪ್ಸ್, 1997ರಲ್ಲಿ ಹಿಂದಿನ ಸ್ನಾಯು ಟ್ರೈಸೆಪ್ಸ್ ಹರಿದುಕೊಂಡರು. ರಾನಿ ಕೋಲ್ಮನ್ 1998ರಿಂದ 2005ರವರೆಗೆ ಎಂಟು ಸಲ, ವೇದಿಕೆಯ ಮೇಲೆ ತೂಕ 130 ಕಿಲೋ ದಾಟಿಸಿದವರು. ಆಮೇಲೆ ಬೆನ್ನಿಗೆ, ಸೊಂಟಕ್ಕೆ ಶಸ್ತ್ರಚಿಕಿತ್ಸೆಯ ಮೇಲೆ ಶಸ್ತ್ರಚಿಕಿತ್ಸೆ. ಕೊನೆಗೆ ಊರುಗೋಲಿಲ್ಲದೆ ನಡೆಯಲಾರದ ಹಾಗಾಯಿತು. ಅವರಂಥ ಪರಿಶ್ರಮಿ ಇನ್ನೊಬ್ಬರಿಲ್ಲ, ಅವರ ಬಗ್ಗೆ ಹಗುರವಾಗಿ ಮಾತಾಡುವ ಹಕ್ಕು ಯಾರಿಗೂ ಇಲ್ಲ. ಆದರೆ ಮಾದರಿ ಎಂದು ಆರಿಸಿಕೊಳ್ಳುವಾಗ ವೇದಿಕೆಯ ಮೇಲಿನ ಆ ಐದು ನಿಮಿಷದ ಜೊತೆಗೆ ಅದರ ಮುಂದಿನ ಮೂವತ್ತು ವರ್ಷವನ್ನೂ ಸೇರಿಸಿ ನೋಡಿ. 2016ರಿಂದ ಒಲಿಂಪಿಯಾದಲ್ಲಿ ಕ್ಲಾಸಿಕ್ ಫಿಸಿಕ್ ಎಂಬ ವಿಭಾಗ ಬಂದಿದೆ, ಎತ್ತರಕ್ಕೆ ತಕ್ಕಂತೆ ತೂಕಕ್ಕೆ ಮಿತಿ. ಸೊಂಟಕ್ಕೆ ಮತ್ತೆ ಬೆಲೆ ಬಂತಲ್ಲ ಎಂದು ಸಮಾಧಾನ.

ಇಪ್ಪತ್ತು ಸೆಟ್ಟೋ ಒಂದು ಸೆಟ್ಟೋ? ಆರ್ನಾಲ್ಡ್ ಕಾಲದವರು ದಿನಕ್ಕೆ ಎರಡು ಹೊತ್ತು ವ್ಯಾಯಾಮ ಮಾಡುತ್ತಿದ್ದರು. ಅದನ್ನು ಸಾಕುವಷ್ಟು ಊಟ, ನಿದ್ದೆ ಅವರಿಗಿತ್ತು. ಸ್ಟೀರಾಯ್ಡ್ ಬಳಸಿದ್ದೆ ಎಂದು ಆರ್ನಾಲ್ಡ್ ತಾವೇ ಒಪ್ಪಿಕೊಂಡಿದ್ದಾರೆ. ಇದಕ್ಕೆ ಎದುರಾಗಿ ನಾಟಿಲಸ್ ಯಂತ್ರಗಳನ್ನು ಮಾಡಿದ ಆರ್ಥರ್ ಜೋನ್ಸ್, ಅವರ ದಾರಿ ಹಿಡಿದ ಮೈಕ್ ಮೆಂಟ್ಜರ್ ಬಂದರು. ಕಡಿಮೆ ಮಾಡಿ, ಆದರೆ ಇನ್ನೊಂದು ರೆಪ್ (ಇನ್ನೊಂದು ಸಲ ಎತ್ತುವುದು) ಸಾಧ್ಯವೇ ಇಲ್ಲ ಎನ್ನುವವರೆಗೆ ಮಾಡಿ ಎಂದರು. ಮೆಂಟ್ಜರ್ 1978ರ ಮಿಸ್ಟರ್ ಯೂನಿವರ್ಸ್‌ನಲ್ಲಿ ಪೂರ್ತಿ ಅಂಕ ಪಡೆದು ಗೆದ್ದರು, ಆದ್ದರಿಂದ ಅದು ಸುಳ್ಳು ದಾರಿ ಅನ್ನುವ ಹಾಗಿಲ್ಲ. ಆದರೆ ಮೊಬೈಲಿನಲ್ಲಿ ಹೇಳುವವರು ಒಂದು ಮಾತು ಬಿಟ್ಟುಬಿಡುತ್ತಾರೆ. ಯೇಟ್ಸ್ ಅವರ 'ಒಂದು ಸೆಟ್' ಎಂದರೆ ಭಾರ ಏರಿಸುತ್ತಾ ಎರಡು ಮೂರು ಸೆಟ್ ಮೈ ಬಿಸಿ ಮಾಡಿಕೊಂಡ ಮೇಲಿನ ಒಂದು ಸೆಟ್. ಎಷ್ಟೋ ವರ್ಷ ಪಳಗಿದವರಿಗೆ ಮಾತ್ರ ಆ ಒಂದರಲ್ಲಿ ಪೂರ್ತಿ ಶಕ್ತಿ ಸುರಿಯಲು ಬರುತ್ತದೆ. ನಾನೂ ಎರಡನ್ನೂ ಮಾಡಿದ್ದೇನೆ. ಇಪ್ಪತ್ತು ಸೆಟ್ ಮಾಡಿದ ವರ್ಷ ನಿದ್ದೆ ಕೆಟ್ಟು ಮೂರು ಕಿಲೋ ಇಳಿದೆ. ಒಂದೇ ಸೆಟ್ ಮಾಡಿದ ವರ್ಷ ಮೊಣಕೈ ನೋವು ಬಂತು.

ನಿಮಗೆ ನಾನು ಹೇಳುವುದು ರೆಗ್ ಪಾರ್ಕ್ ಅವರ ಐದೈದರ ಕ್ರಮ. 1951, 58, 65 ಮೂರು ಸಲ ಮಿಸ್ಟರ್ ಯೂನಿವರ್ಸ್ ಆದವರು, ಆರ್ನಾಲ್ಡ್‌ರಿಗೇ ಆದರ್ಶ. ಐದು ಸೆಟ್, ಒಂದೊಂದರಲ್ಲಿ ಐದು ರೆಪ್. ಮೊದಲ ಎರಡು ಹಗುರ, ಕೊನೆಯ ಮೂರು ಒಂದೇ ಭಾರ. ಸ್ಕ್ವಾಟ್ ಎಂದರೆ ಭುಜದ ಮೇಲೆ ಬಾರ್ ಹೊತ್ತು ಹೊಡೆಯುವ ಬಸ್ಕಿ. ಸ್ಕ್ವಾಟ್‌ನಲ್ಲಿ ನಿಮ್ಮ ಭಾರ 50 ಕಿಲೋ ಎಂದಿಟ್ಟುಕೊಳ್ಳಿ. ಮೊದಲ ಸೆಟ್ 30, ಎರಡನೆಯದು 40, ಆಮೇಲೆ ಮೂರು ಸೆಟ್ 50. ಆ ಮೂರರಲ್ಲೂ ಐದೈದು ರೆಪ್ ಒಂದೇ ಅಂದದಲ್ಲಿ ಬಂದರೆ ಮುಂದಿನ ಸಲ ಎರಡೂವರೆ ಕಿಲೋ ಏರಿಸಿ. ಬರಲಿಲ್ಲವಾದರೆ ಏರಿಸಬೇಡಿ. ಪುಸ್ತಕದಲ್ಲಿ ತಾರೀಖು ಹಾಕಿ ಬರೆದಿಡಿ. ನಲವತ್ತು ವರ್ಷದಿಂದ ನಾನು ಬರೆದಿಟ್ಟ ಆರು ನೋಟ್‌ಬುಕ್ ಇವೆ. ಬೆಳೆದ ವರ್ಷಗಳಲ್ಲೆಲ್ಲ ಅಂಕಿ ಮೆಲ್ಲಗೆ ಏರಿದೆ, ಬೆಳೆಯದ ವರ್ಷಗಳಲ್ಲಿ ಅದೇ 60 ಕಿಲೋ ಪುಟ ಪುಟವೂ ಬಿದ್ದುಕೊಂಡಿದೆ.

ವಾರಕ್ಕೆ ಮೂರು ದಿನ ಸಾಕು. ಸೋಮವಾರ ಮತ್ತು ಶುಕ್ರವಾರ ಸ್ಕ್ವಾಟ್, ಮಲಗಿ ಎದೆಯಿಂದ ಮೇಲೆತ್ತುವ ಬೆಂಚ್ ಪ್ರೆಸ್, ಬಗ್ಗಿ ಎಳೆಯುವ ಬಾರ್ಬೆಲ್ ರೋ. ಬುಧವಾರ ನೆಲದಿಂದ ಬಾರ್ ಎತ್ತುವ ಡೆಡ್‌ಲಿಫ್ಟ್, ನಿಂತು ತಲೆಯ ಮೇಲೆತ್ತುವ ಪ್ರೆಸ್, ಪುಲ್‌ಅಪ್. ಡೆಡ್‌ಲಿಫ್ಟ್ ಮಾತ್ರ ಮೂರೇ ಸೆಟ್. ಮೂರೂ ದಿನ ಮೀನಖಂಡಕ್ಕೆ 15ರ ನಾಲ್ಕು ಸೆಟ್, ಅದನ್ನು ಕೊನೆಗಿಡಬೇಡಿ, ಮೊದಲೇ ಮುಗಿಸಿ. ಬೈಸೆಪ್ಸ್‌ಗೆ ವಾರಕ್ಕೆ ಆರು ಸೆಟ್ ಸಾಕು. ಎಳೆಯುವ ವ್ಯಾಯಾಮದಲ್ಲೆಲ್ಲ ಅದಕ್ಕೆ ಕೆಲಸ ಇದ್ದೇ ಇದೆ. ಬಾರನ್ನು ಕುತ್ತಿಗೆಯ ಹಿಂದಕ್ಕೆ ಇಳಿಸುವ ಪ್ರೆಸ್ ಬೇಡವೇ ಬೇಡ. 1990ರಲ್ಲಿ ಅದರಿಂದ ನನ್ನ ಎಡಭುಜ ಹಿಡಿದುಕೊಂಡಿತು, ಅಂಗಿಗೆ ಕೈ ತೂರಿಸಲೂ ಆಗುತ್ತಿರಲಿಲ್ಲ. ಕೊನೆಗೆ ಅದನ್ನು ಬಿಡಿಸಿದ್ದು ಮೈಸೂರಿನ ಒಂದು ಗರಡಿಯ ಉಸ್ತಾದರು. ಎರಡು ಕಿಲೋಗಿಂತ ಕಡಿಮೆ ತೂಕದ ಮರದ ಗದೆ ಕೈಗೆ ಕೊಟ್ಟು, ತಲೆಯ ಹಿಂದಿನಿಂದ ಸುತ್ತಿಸಿ ಮುಂದಕ್ಕೆ ತರಲು ಹೇಳಿದರು, ದಿನಕ್ಕೆ ಐವತ್ತು ಸುತ್ತು. ನಾಲ್ಕು ತಿಂಗಳಲ್ಲಿ ಕೈ ಪೂರ್ತಿ ಮೇಲೆ ಹೋಯಿತು. ಇಂದಿಗೂ ಮೈ ಬಿಸಿ ಮಾಡಲು ನನಗೆ ಅದೇ.

ಈಗ ಕೋರ್ಸ್ ವಿಷಯ. ನಿಮ್ಮನ್ನು ಹೆದರಿಸಲು ಬರೆಯುತ್ತಿಲ್ಲ, ನೀವು ಲೆಕ್ಕ ನೋಡುವವರು, ಲೆಕ್ಕವನ್ನೇ ಕೊಡುತ್ತೇನೆ. ಡಯಾನಬಾಲ್ ಎಂಬ ಸ್ಟೀರಾಯ್ಡ್ ಮಾತ್ರೆ ಅಮೆರಿಕದ ಮಾರುಕಟ್ಟೆಗೆ ಬಂದದ್ದು 1958ರಲ್ಲಿ. ಜಾನ್ ಗ್ರಿಮೆಕ್ ಮಿಸ್ಟರ್ ಅಮೆರಿಕ ಆದದ್ದು 1940 ಮತ್ತು 41ರಲ್ಲಿ. ರೀವ್ಸ್ 1947ರಲ್ಲಿ. ಏನೂ ಆಗಲ್ಲ ಅನ್ನುವ ಗೆಳೆಯರಿಗೆ ಆ ಇಬ್ಬರ ಫೋಟೊ ತೋರಿಸಿ. ಸೂಜಿ ಹಾಕಿದರೆ ದೇಹ ತಾನೇ ತಯಾರಿಸುವ ಟೆಸ್ಟೋಸ್ಟೆರಾನ್ ನಿಲ್ಲಿಸಿಬಿಡುತ್ತದೆ. ವೃಷಣ ಕುಗ್ಗುತ್ತದೆ, ವೀರ್ಯಾಣು ಇಳಿಯುತ್ತದೆ, ಒಳ್ಳೆಯ ಕೊಲೆಸ್ಟೆರಾಲ್ ಬೀಳುತ್ತದೆ, ಹೃದಯದ ಗೋಡೆ ದಪ್ಪವಾಗುತ್ತದೆ. ಮಾತ್ರೆಯಾದರೆ ಯಕೃತ್ತಿಗೂ ಪೆಟ್ಟು. ಒಂದೇ ಸೂಜಿ ಹಂಚಿಕೊಂಡರೆ ಬರುವ ರೋಗಗಳು ಬೇರೆ. ವೈದ್ಯರ ಚೀಟಿ ಇಲ್ಲದೆ ಮಾರಬಾರದ ಔಷಧಿ ಅದು, ಜಿಮ್ಮಿನ ಬ್ಯಾಗಿನಲ್ಲಿ ಬರುವ ಬಾಟಲಿಯ ಒಳಗೆ ಏನಿದೆ ಎಂದು ಕೊಟ್ಟವನಿಗೂ ಗೊತ್ತಿರುವುದಿಲ್ಲ.

ನನ್ನ ಜೊತೆಗೆ ಎಂಟು ವರ್ಷ ಭಾರ ಎತ್ತಿದ ಗೆಳೆಯನೊಬ್ಬ ಇದ್ದ. ನನಗಿಂತ ಒಳ್ಳೆಯ ಚೌಕಟ್ಟು. ಎರಡು ವರ್ಷದಲ್ಲಿ ಹದಿನಾಲ್ಕು ಕಿಲೋ ಏರಿದ, ಕಪ್ಪುಗಳನ್ನೂ ಗೆದ್ದ. ಮದುವೆಯಾಗಿ ಆರು ವರ್ಷ ಮಕ್ಕಳಾಗಲಿಲ್ಲ. ಮನೆಯವರು ಹುಡುಗಿಯನ್ನೇ ದೇವಸ್ಥಾನದಿಂದ ದೇವಸ್ಥಾನಕ್ಕೆ, ಡಾಕ್ಟರಿಂದ ಡಾಕ್ಟರಿಗೆ ಕರೆದುಕೊಂಡು ಹೋದರು. ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. ಅವನ ರಿಪೋರ್ಟು ಬಂತು. ಬೆಂಚಿನ ಮೇಲೆ ಕೂತು ಅದನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗಿಟ್ಟ, ಮತ್ತೆ ತೆಗೆದ, ಮತ್ತೆ ಮಡಿಚಿದ. ಸೂಜಿಯ ವಿಷಯ ಡಾಕ್ಟರಿಗೆ ಹೇಳಿದೆಯಾ ಎಂದೆ. ಇಲ್ಲ ಎಂದು ತಲೆಯಾಡಿಸಿದ. ಹೆಂಡತಿಗೂ ಹೇಳಿರಲಿಲ್ಲ. ಅವತ್ತು ಆ ಬೆಂಚಿನಿಂದ ಎದ್ದು ಒಳಗೆ ಹೋಗಿ ಹೇಳಲು ಅವನಿಗೆ ಬೇಕಾದ ಧೈರ್ಯ ಯಾವ ಸ್ಕ್ವಾಟ್‌ಗೂ ಬೇಕಾಗಿರಲಿಲ್ಲ. ಹೇಳಿದ. ಚಿಕಿತ್ಸೆ ಆಯಿತು, ತಡವಾಗಿ ಒಬ್ಬಳು ಮಗಳು ಹುಟ್ಟಿದಳು. ಆ ಆರು ವರ್ಷ ಆ ಹೆಣ್ಣುಮಗಳು ತಿಂದ ಮಾತುಗಳನ್ನು ಮಾತ್ರ ಯಾರೂ ವಾಪಸು ತೆಗೆದುಕೊಳ್ಳಲಾಗಲಿಲ್ಲ.

ಊಟದ ವಿಷಯದಲ್ಲಿ ಕೊಡಗಿನವರಿಗೆ ಹೇಳಿಕೊಡುವುದು ಕಡಿಮೆ. ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ 1.6 ಗ್ರಾಂ ಪ್ರೋಟೀನ್ ಸಿಕ್ಕರೆ ಸಾಕು. ನಿಮಗೆ 105 ಗ್ರಾಂ ಆಯಿತು. ನಾಲ್ಕು ಮೊಟ್ಟೆಯಲ್ಲಿ 24, ಅರ್ಧ ಲೀಟರ್ ಹಾಲಿನಲ್ಲಿ 16, ಮಧ್ಯಾಹ್ನ ರಾತ್ರಿ ಸೇರಿ 150 ಗ್ರಾಂ ಬೆಂದ ಕೋಳಿಯಲ್ಲಿ 40ರ ಹತ್ತಿರ, ಒಂದು ಹಿಡಿ ಹೆಸರುಕಾಳಿನಲ್ಲಿ 12, ಉಳಿದದ್ದು ಅನ್ನ, ಅಕ್ಕಿ ರೊಟ್ಟಿ, ಅಕ್ಕಿ ಉಂಡೆಯಾದ ಕಡಂಬುಟ್ಟಿನಲ್ಲಿ. ಪಂದಿ ಕರಿ (ಹಂದಿ ಮಾಂಸದ ಸಾರು) ಬಿಡಬೇಕಾಗಿಲ್ಲ, ಕೊಬ್ಬಿನ ಪದರ ತೆಗೆದು ಮಾಂಸದ ತುಂಡು ಹಾಕಿಸಿಕೊಳ್ಳಿ. ಕೊಬ್ಬು ಕಡಿಮೆಯಾದರೂ ಕಾಚಂಪುಳಿ ಹುಳಿಯ ರುಚಿ ಎಲ್ಲಿಗೂ ಹೋಗುವುದಿಲ್ಲ. ಪ್ರೋಟೀನ್ ಪೌಡರ್ ದುಡ್ಡಿದ್ದರೆ ತಗೊಳ್ಳಿ, ಇಲ್ಲದಿದ್ದರೆ ನಷ್ಟವಿಲ್ಲ. ವ್ಯಾಯಾಮಕ್ಕೆ ಅರ್ಧ ಗಂಟೆ ಮೊದಲು ನಿಮ್ಮ ತೋಟದ್ದೇ ಒಂದು ಲೋಟ ಕಾಫಿ ಕುಡಿಯಿರಿ. ಸಂಜೆಯ ಮೇಲೆ ಬೇಡ, ನಿದ್ದೆ ಕೆಡುತ್ತದೆ.

ನನ್ನ ಅನುಭವದಲ್ಲಿ ಈ ದಾರಿಯಲ್ಲಿ ಮೊದಲ ವರ್ಷ ನಿಮಗೆ ನಾಲ್ಕು ಕಿಲೋ ಬರಬಹುದು, ಎರಡನೆಯ ವರ್ಷ ಎರಡು, ಮೂರನೆಯದರಲ್ಲಿ ಒಂದೂವರೆ. ಮೂರು ವರ್ಷಕ್ಕೆ 73–74 ಕಿಲೋ. ಸೊಂಟ 30ರ ಒಳಗೇ ಇದ್ದರೆ, ಆ ತೂಕದಲ್ಲಿ ಅಂಗಿ ಬಿಚ್ಚಿ ನಿಂತಾಗ ಜನ 80 ಕಿಲೋ ಎಂದುಕೊಳ್ಳುತ್ತಾರೆ.

ಸದ್ಯಕ್ಕೆ ಮಳೆಗಾಲ ಶುರುವಾಗಿದೆ. ಮನೆಯಲ್ಲಿ ಬಾರ್ ಇದ್ದರೆ ಪ್ರತಿ ಸಲ ಒರೆಸಿ ಕೊಬ್ಬರಿ ಎಣ್ಣೆ ಸವರಿಡಿ. ಆಗಸ್ಟ್ ಹೊತ್ತಿಗೆ ತುಕ್ಕು ಹಿಡಿದ ಬಾರ್ ಅಂಗೈ ಸುಲಿಯುತ್ತದೆ, ಅಂಗೈ ಸುಲಿದರೆ ಎರಡು ವಾರ ರೋ, ಪುಲ್‌ಅಪ್, ಡೆಡ್‌ಲಿಫ್ಟ್ ಎಲ್ಲ ನಿಲ್ಲುತ್ತವೆ. ಜಿಮ್ಮಿಗೆ ಹೋಗಲಾಗದ ದಿನ ಹಜಾರದಲ್ಲೇ ದಂಡ 20ರ ಐದು ಸುತ್ತು, ಬಸ್ಕಿ 40ರ ಐದು ಸುತ್ತು, ಮೆಟ್ಟಿಲ ಅಂಚಿನಲ್ಲಿ ಮೀನಖಂಡ. ಕೈಲ್‌ಪೊಳ್ದ್ ಹಬ್ಬ ಮುಗಿದ ಮೇಲಿನ ವಾರ ಬೆಳಿಗ್ಗೆ ಎದ್ದ ಕೂಡಲೇ, ಏನೂ ತಿನ್ನುವ ಮೊದಲು, ಎಡ ಬಲ ಎರಡೂ ಕಡೆ ಅಳೆದು ನನಗೆ ಬರೆದು ಕಳಿಸಿ. ಪಟ್ಟಿಯಲ್ಲಿ ಮೀನಖಂಡ ಮೊದಲು, ಆಮೇಲೆ ತೊಡೆ, ತೋಳು ಕೊನೆಗೆ.